ಇಲ್ಲದ ಕಡೆ ಸಿಕ್ಕಿಬಿದ್ದ ಬಳೆ

ಕಾನೂನಿಗೆ ಮನುಷ್ಯರ ಕಣ್ಣಿನ ಮೇಲಿದ್ದ ನಂಬಿಕೆ ಹೋಗಿ ಬಹಳ ಕಾಲವಾಗಿತ್ತು. ತಪ್ಪು ಕಾನೂನಿನದಲ್ಲ ಬಿಡಿ. ಎಣ್ಣೆ ಬಾವಿ, ಗ್ಯಾಸ್ ಬಾವಿಗಳ ಕಾಲದಲ್ಲಿ ಮನುಷ್ಯರು ಆ ನಂಬಿಕೆಯನ್ನು ಹೊಟ್ಟೆ ತುಂಬ ತಿಂದು ತೇಗಿದ್ದರು. ನೆಲದಡಿಯ ಪೈಪು ಹರಿದಿದ್ದರೂ ಸರಿಯಿದೆ ಎಂದು ಅಳತೆಯ ಗೆರೆ ಎಳೆದುಕೊಟ್ಟ ಮಹಾನುಭಾವರಿದ್ದರು. ಒಬ್ಬ ಬಡ್ತಿಗಾಗಿ, ಇನ್ನೊಬ್ಬ ಬರೀ ಮೇಲಿನವರ ಮೋರೆ ಕೆಡಬಾರದೆಂದು. ಹಾಗಾಗಿ ನಿಖರ ಬಂತು.

ನಿಖರ ಎನ್ನುವುದು ಯಂತ್ರದ ಹೆಸರು. ಕೈಯಲ್ಲಿ ಮುಟ್ಟುವಂಥ ಯಂತ್ರವಲ್ಲ; ಎಲ್ಲೋ ದೂರದ ತಂಪು ಕೋಣೆಗಳಲ್ಲಿ ಕುಳಿತು ದೇಶದ ಅಷ್ಟೂ ಬಾವಿಗಳ ನಾಡಿ ಹಿಡಿಯುವ ಗಣಕ. ಬಾವಿಗಿಳಿದ ಉಪಕರಣ ಕಳಿಸಿದ ಸಂಕೇತ ಮೊದಲು ಅದಕ್ಕೆ ಹೋಗಬೇಕು. ಅದು ತಿದ್ದಿ ಒಪ್ಪಿದ್ದೇ ಸತ್ಯ. ಹಸಿ ಸಂಕೇತ ನೋಡುವ ಹಕ್ಕು ಯಾವ ಮನುಷ್ಯನಿಗೂ ಇರಲಿಲ್ಲ. ಒಂದು ಅಳತೆ ಮಿಕ್ಕ ಬಾವಿಗಳ ಅಳತೆಗೆ ಹೊಂದದಿದ್ದರೆ ನಿಖರ ಅದನ್ನು ಉಪಕರಣದ ದೋಷವೆಂದು ತೀರ್ಮಾನಿಸಿ, ಅಕ್ಕಪಕ್ಕದ ಅಳತೆಗಳಿಂದ ತೇಪೆ ಹಾಕುತ್ತಿತ್ತು. ಹತ್ತಕ್ಕೆ ಒಂಬತ್ತು ಸಲ ಅದು ಹೇಳಿದ್ದೇ ಸರಿಯಾಗಿರುತ್ತಿತ್ತು. ಎಡವಟ್ಟಾಗಿದ್ದೂ ಅಲ್ಲೇ. ಯಾವಾಗಲೂ ಸರಿಯಿರುವವರನ್ನು ಒಂದು ಸಲ ತಪ್ಪು ಅನ್ನಬೇಕಾದರೆ ಎಂಟೆದೆ ಬೇಕು.

ನೀಲಾಂಬಿಕಾ ಮಸೂತಿಗೆ ಎಂಟಕ್ಕಿಂತ ಜಾಸ್ತಿಯೇ ಇದ್ದವು. ಸಿಂದಗಿ ಕಡೆಯ ಹೆಣ್ಣು. ಎಂಜಿನಿಯರಿಂಗ್ ಓದಿ, ಗೋದಾವರಿ ಸಮುದ್ರ ಸೇರುವ ಕಡೆಯ ಗ್ಯಾಸ್ ಬಾವಿಗಳಲ್ಲಿ, ಅಸ್ಸಾಮಿನಲ್ಲಿ, ಅರಬರ ಮರಳಿನಲ್ಲಿ ವೈರ್‌ಲೈನ್ ಕೆಲಸ ಮಾಡಿ ಅರ್ಧ ಆಯುಷ್ಯ ಸವೆಸಿದವಳು. ವೈರ್‌ಲೈನ್ ಎಂದರೆ ದೊಡ್ಡ ಬ್ರಹ್ಮವಿದ್ಯೆಯೇನಲ್ಲ. ಬಾವಿಗೆ ಬಿದ್ದ ಕೊಡ ತೆಗೆಯಲು ಪಾತಾಳಗರಡಿ ಇಳಿಸುತ್ತಾರಲ್ಲ, ಅದರ ಮೊಮ್ಮಗ. ಲಾರಿಯ ಮೇಲೊಂದು ವಿಂಚು, ವಿಂಚಿಗೆ ಸುತ್ತಿದ ಉಕ್ಕಿನ ಕೇಬಲ್, ಕೇಬಲ್ಲಿನ ತುದಿಗೆ ಬೇಕಾದ ಉಪಕರಣ. ಮೈಲಿಗಟ್ಟಲೆ ಕೆಳಗೆ ಇಳಿಸಬೇಕು, ಅಳೆಯಬೇಕು, ಎತ್ತಬೇಕು. ಎತ್ತದೆ ಬರಬಾರದು; ಅದೇ ಆ ಕಸುಬಿನ ಮರ್ಯಾದೆ. ಒಳಗೆ ಉಳಿದುಹೋದ ಉಪಕರಣಕ್ಕೆ ಅವರು ಮೀನು ಅನ್ನುತ್ತಾರೆ. ಮೀನು ಬಿಟ್ಟು ಬಂದವರ ಹೆಸರು ಚಹಾದ ಅಂಗಡಿಯಲ್ಲೂ ನಗೆಗೆ ಬೀಳುತ್ತದೆ. ನೀಲಾಂಬಿಕೆ ಇಷ್ಟು ವರ್ಷಗಳಲ್ಲಿ ಒಂದೂ ಮೀನು ಬಿಟ್ಟವಳಲ್ಲ, ಅದನ್ನು ಹೇಳಿಕೊಳ್ಳುವ ಒಂದು ಅವಕಾಶವನ್ನೂ ಬಿಟ್ಟವಳಲ್ಲ.

ಎಣ್ಣೆ ಬಾವಿಗಳು ಮುಚ್ಚಿದವು. ಅದೇ ವಿಂಚು, ಅದೇ ಕೇಬಲ್ ಈಗ ಹೊಗೆಬಾವಿಗಳಿಗೆ ಬಂದವು. ನಗರಗಳ ಕಾರ್ಖಾನೆಗಳ ಹೊಗೆಯಿಂದ ಕಾರ್ಬನ್ ಡೈಆಕ್ಸೈಡನ್ನು ಬೇರ್ಪಡಿಸಿ, ಒತ್ತಿ, ಪೈಪಿನಲ್ಲಿ ತಂದು ವಿಜಯಪುರದ ಕರಿಕಲ್ಲಿನಡಿಗೆ ತುಂಬುವ ಯೋಜನೆ. ಕರಿಕಲ್ಲು ಆ ಅನಿಲವನ್ನು ನಿಧಾನವಾಗಿ ಕಲ್ಲನ್ನಾಗಿಯೇ ಮಾಡಿಬಿಡುತ್ತದೆ. ವಿಜ್ಞಾನ ಸುಳ್ಳಲ್ಲ. ಆದರೆ ಕಲ್ಲಾಗುವ ತನಕ ಅನಿಲ ಕೆಳಗೇ ಇರಬೇಕು, ಅದಕ್ಕೆ ಪೈಪು ಗಟ್ಟಿಯಿರಬೇಕು. ಕರೇಕಲ್ಲ ಎಂಬ ಊರಿನ ದಿಬ್ಬದ ಮೇಲೆ ಅಂಥದೊಂದು ಬಾವಿ ಕೊರೆದಿದ್ದರು. ಸಣ್ಣ ಒತ್ತಡದಲ್ಲಿ ಎರಡು ತಿಂಗಳ ಪರೀಕ್ಷೆ ಮುಗಿದಿತ್ತು. ಇನ್ನು ಪೂರ್ಣ ಒತ್ತಡದಲ್ಲಿ ಪಂಪು ಶುರುವಾಗುವುದಿತ್ತು.

ಅದಕ್ಕೆ ಮುಂಚಿನ ಕೊನೆಯ ತಪಾಸಣೆಯ ದಿನ ನೀಲಾಂಬಿಕೆ ವಿಂಚಿನ ಕ್ಯಾಬಿನ್ನಿನಲ್ಲಿ ಕುಳಿತಿದ್ದಳು. ಪಕ್ಕದಲ್ಲಿ ವಿಂಚು ನಡೆಸುವ ಮೌಲಾಲಿ ಅವಟಿ. ಗೋದಾವರಿಯ ಕಾಲದಿಂದ ಅವಳ ಜೊತೆಗಿದ್ದವನು, ಅವಳ ಬೈಗುಳಕ್ಕೆ ಒಗ್ಗಿ ಚರ್ಮ ದಪ್ಪವಾದವನು. ಪೈಪಿನ ಒಳಸುತ್ತಳತೆ ನೋಡುವ ಉಪಕರಣ ಮೇಲೆ ಬರುತ್ತಿತ್ತು. ಎರಡು ಕರಿಕಲ್ಲಿನ ಹಾಸುಗಳ ನಡುವೆ ಮೆತ್ತನೆಯ ಕೆಂಪು ಮಣ್ಣಿನ ಪದರವೊಂದಿದೆ; ಅಲ್ಲಿಗೆ ಬಂದಾಗ ವಿಂಚಿನಲ್ಲಿ ಕೇಬಲ್ಲಿನ ಭಾರ ತೋರಿಸುವ ಮುಳ್ಳು ಒಮ್ಮೆ ಮೇಲಕ್ಕೆ ಎಗರಿ ಕೆಳಗೆ ಬಿತ್ತು.

"ಕಂಡ್ರೇನು ಅಕ್ಕಾರ?" ಎಂದ ಮೌಲಾಲಿ.

"ನಾ ಏನ್ ನಿದ್ದಿ ಮಾಡಾಕತ್ತೀನಿ ಅನ್ಕೊಂಡಿ?"

ಪರದೆಯ ಮೇಲೆ ನಿಖರ ಬರೆಯಿತು: ಕೇಬಲ್ ಉಜ್ಜಿದೆ. ತಿದ್ದಲಾಗಿದೆ. ಪೈಪು ನಿರ್ದೋಷ.

"ನಿಖರಪ್ಪ ಆಶೀರ್ವಾದ ಮಾಡಿದ ನೋಡ್ರಿ," ಎಂದು ಮೌಲಾಲಿ ಹಲ್ಲು ಕಿರಿದ. ಅವಳು ನಗಲಿಲ್ಲ. ಕೇಬಲ್ ಉಜ್ಜಿದರೆ ಮುಳ್ಳು ನಡುಗುತ್ತದೆ, ಎಗರುವುದಿಲ್ಲ. ಎಗರುವುದು ಏನಾದರೂ ತಡೆದಾಗ.

ಅವಳಿಗೆ ಆಗಲೇ ಅನುಮಾನವಿತ್ತು. ಅದು ಹುಟ್ಟಿದ್ದು ಬಾವಿಯ ಬಳಿಯಲ್ಲಲ್ಲ, ಅವಳು ಬಾಡಿಗೆಗಿದ್ದ ಮನೆಯಲ್ಲಿ, ನೆಲಕ್ಕೆ ಹಿಡಿದ ದೀಪ ಆರಿದ್ದನ್ನು ಕಂಡು.

ಆ ಮನೆ ಇದ್ದದ್ದು ದಿಬ್ಬದ ಬುಡದ ತಗ್ಗಿನ ಓಣಿಯಲ್ಲಿ. ಮನೆಯೊಡತಿ ಸಾತವ್ವ, ಗಂಡ ಸತ್ತ ಮೇಲೆ ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಡುತ್ತ ಓಣಿಯ ಅರ್ಧ ಹೆಂಗಸರಿಗೆ ಕೆಲಸ ಕೊಟ್ಟವಳು. ತಪಾಸಣೆ ಮುಗಿಸಿ ಆ ಸಂಜೆ ನೀಲಾಂಬಿಕೆ ಬಂದಾಗ ಸಾತವ್ವ ಅಂಗಳದಲ್ಲಿ ಮೂರು ಕೋಳಿಗಳನ್ನು ಕಾಲು ಹಿಡಿದು ನಿಂತಿದ್ದಳು. ಮೈಮೇಲೆ ಗಾಯವಿಲ್ಲ, ಗರಿ ಕೆದರಿಲ್ಲ, ಸತ್ತಿದ್ದವು.

"ಬುಟ್ಟಿ ಒಳಗ ಕವುಚಿದ್ದೆ. ತಗೀತೀನಿ, ಮಲಗಿದಂಗ ಅದಾವು," ಎಂದಳು ಸಾತವ್ವ.

ಕಾರ್ಬನ್ ಡೈಆಕ್ಸೈಡು ಗಾಳಿಗಿಂತ ಭಾರ. ನೀರಿನಂತೆ ತಗ್ಗು ಹುಡುಕಿಕೊಂಡು ಹರಿಯುತ್ತದೆ, ಆದರೆ ನೀರಿನಂತೆ ಕಾಣುವುದಿಲ್ಲ. ಓಣಿಯ ಜನ ಅದರ ಹೆಸರು ತಿಳಿಯುವ ಮೊದಲೇ ಅದರೊಂದಿಗೆ ಬಾಳುವುದನ್ನು ಕಲಿತಿದ್ದರು. ಮಂಚದ ಕಾಲುಗಳಿಗೆ ಕಲ್ಲು ಕೊಟ್ಟು ಎತ್ತರಿಸಿದ್ದರು. ಕೂಸುಗಳ ತೊಟ್ಟಿಲನ್ನು ತೊಲೆಗೆ ಮೋಟು ಹಗ್ಗದಲ್ಲಿ ಕಟ್ಟಿದ್ದರು. ಗಾಳಿಯಿಲ್ಲದ ದಿನ ಮಾಳಿಗೆಯ ಮೇಲೆ ಉಣ್ಣುತ್ತಿದ್ದರು. ಆ ಕಡೆ ಜೋಳ ತುಂಬುವ ನೆಲದಡಿಯ ಹಗೇವಿಗೆ ಇಳಿಯುವ ಮುನ್ನ ದೀಪ ಇಳಿಬಿಟ್ಟು ನೋಡುವುದು ವಾಡಿಕೆ. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ. ಈಗ ಓಣಿಯಲ್ಲಿ ಅಡುಗೆಮನೆಗೆ ಕಾಲಿಡುವ ಮುನ್ನವೂ ದೀಪವನ್ನು ನೆಲಕ್ಕೆ ಹಿಡಿದು ನೋಡುತ್ತಿದ್ದರು. ಕಂಪನಿಯವರು ಮನೆಗೊಂದು ಗಾಳಿ ಮೀಟರು ಕೊಟ್ಟಿದ್ದರು. ಅದು ಸದಾ ಹಸಿರು. ಏಕೆಂದರೆ ಮೀಟರೂ ನಿಖರನ ಮಗುವೇ. ಪೈಪು ನಿರ್ದೋಷ, ಆದ್ದರಿಂದ ಅನಿಲ ಇರಲು ಸಾಧ್ಯವಿಲ್ಲ, ಆದ್ದರಿಂದ ಮೀಟರಿಗೆ ಕಂಡದ್ದು ಒಲೆಯ ಹೊಗೆ. ತಿದ್ದಲಾಗಿದೆ.

"ನೀಲವ್ವಾ, ನೀ ಕಲಿತಾಕಿ, ಖರೇ ಹೇಳು," ಎಂದಳು ಸಾತವ್ವ. "ಇಷ್ಟ ಸಣ್ಣಂಗ ಬಿಟ್ಟಿದ್ದಕ್ಕ ಕೋಳಿ ಸತ್ತುವು. ನಾಳೆ ಪೂರಾ ಬಿಡ್ತಾರಂತ. ನಾಳೆ ಯಾರು?"

ನೀಲಾಂಬಿಕೆ ಸುಳ್ಳು ಹೇಳಿ ಸಮಾಧಾನ ಮಾಡುವ ಜಾತಿಯವಳಲ್ಲ.

"ಪೈಪು ಹರಿದಿದ್ರ, ಮಂಚಕ್ಕ ಎಷ್ಟ ಕಲ್ಲ ಕೊಟ್ರೂ ಸಾಲೂದಿಲ್ಲ."

"ಹಂಗಾರ ನಿಲ್ಲಸು."

"ನನ್ನ ಮಾತ ಯಾರ್ ಕೇಳ್ತಾರ? ನಾ ಬರೇ ಕೇಬಲ್ ಇಳಸಾಕಿ."

"ಮನಿಯೊಳಗ ಇಷ್ಟ ದೊಡ್ಡ ಬಾಯಿ ಮಾಡ್ತಿ, ಅಲ್ಲಿ ಹೋಗಿ ಕುಯಿಂಗುಡ್ತಿಯೇನು?" ಎಂದು ಸಾತವ್ವ ಕೋಳಿಗಳನ್ನು ತಿಪ್ಪೆಯ ಕಡೆ ಒಯ್ದಳು.

ಆ ಮಾತು ನಾಟಿತು. ಸೂರ್ಯ ಮುಳುಗಲು ಇನ್ನೂ ಹೊತ್ತಿತ್ತು. ನೀಲಾಂಬಿಕೆ ಹಾಗೇ ತಿರುಗಿ ದಿಬ್ಬ ಹತ್ತಿದಳು. ಮೌಲಾಲಿ ಲಾರಿಯ ನೆರಳಲ್ಲಿ ಬೀಡಿ ಹಚ್ಚಿದ್ದ.

"ಸೀಸದ ಗುಂಡು ತಗಿ," ಎಂದಳು.

ಸೀಸದ ಗುಂಡು ವೈರ್‌ಲೈನಿನ ಅತಿ ಹಳೆಯ ಉಪಕರಣ. ಅದರಲ್ಲಿ ವಿದ್ಯುತ್ತಿಲ್ಲ, ಸಂಕೇತವಿಲ್ಲ. ಉಕ್ಕಿನ ಸರಳಿನ ತುದಿಗೆ ಮೆತ್ತನೆಯ ಸೀಸ ಎರೆದಿರುತ್ತಾರೆ, ಅಷ್ಟೇ. ಬೋಳು ತಂತಿಯಲ್ಲಿ ಇಳಿಸಿ, ಕೆಳಗೆ ಏನು ಅಡ್ಡವಿದೆಯೋ ಅದರ ಮೇಲೆ ಕುಕ್ಕಿ ಮೇಲೆತ್ತಿದರೆ, ಅಡ್ಡವಿದ್ದದ್ದರ ಅಚ್ಚು ಸೀಸದಲ್ಲಿ ಒತ್ತಿಕೊಂಡು ಬರುತ್ತದೆ, ಹಪ್ಪಳದ ಹಿಟ್ಟಿನ ಮೇಲೆ ಬೆರಳೊತ್ತಿದಂತೆ. ಒಂದೇ ಏಟು ಕೊಡಬೇಕು. ಎರಡನೆಯದು ಕೊಟ್ಟರೆ ಅಚ್ಚಿನ ಮೇಲೆ ಅಚ್ಚು ಬಿದ್ದು ಯಾವುದು ಏನೆಂದು ಬ್ರಹ್ಮನಿಗೂ ತಿಳಿಯುವುದಿಲ್ಲ.

ಮೌಲಾಲಿ ಕೆಂಪು ಪದರದ ಆಳಕ್ಕೆ ಗುಂಡನ್ನು ಇಳಿಸಿದ. ತಂತಿ ಸಡಿಲವಾಯಿತು. ಒಂದೇ ಏಟು. ಮೇಲೆತ್ತಿದ. ಸೀಸದ ಒಂದು ಬದಿಯಲ್ಲಿ ಬಿದಿಗೆ ಚಂದ್ರನಂಥ ಗೀರು, ಅದರ ಅಂಚು ಕುಡುಗೋಲಿನಂತೆ ಚೂಪು. ಒಳಕ್ಕೆ ಮಡಚಿಕೊಂಡ ಪೈಪಿನ ತುಟಿ ಅದು. ಮೆತ್ತನೆಯ ಮಣ್ಣು ಪರೀಕ್ಷೆಯ ಒತ್ತಡಕ್ಕೆ ಜಾರಿ ಪೈಪನ್ನು ಹಿಸುಕಿ ಹರಿದಿತ್ತು.

ಗುಂಡನ್ನು ಎದೆಗವಚಿಕೊಂಡು ನೀಲಾಂಬಿಕೆ ನಿಯಂತ್ರಣ ಕೋಣೆಗೆ ನುಗ್ಗಿದಳು. ಬಾವಿಯ ಮುಖ್ಯಸ್ಥ ಶ್ರೀಪಾದ ನಾಡಿಗೇರ ಅಲ್ಲಿದ್ದ. ಕೆಟ್ಟವನಲ್ಲ, ಮೇಜಿನ ಮೇಲೆ ಪೆನ್ನು ಓರೆಯಿದ್ದರೂ ತಿದ್ದಿ ಇಡುವ ಮನುಷ್ಯ. ಅವಳು ಗುಂಡನ್ನು ಆ ಮೇಜಿನ ಮೇಲೆ ದೊಪ್ಪೆಂದು ಇಟ್ಟಳು.

ನಾಡಿಗೇರ ಬಹಳ ಹೊತ್ತು ನೋಡಿದ. ಬೆರಳಿಟ್ಟು ಗೀರನ್ನು ಸವರಿದ.

"ಹರದದ," ಎಂದ ಮೆಲ್ಲಗೆ.

"ಹಂಗಾರ ಪಂಪು ನಿಲ್ಲಸ್ರಿ."

"ಮೇಡಂ, ನನಗ ಕಾಣಸ್ತದ. ನನಗ ಕಂಡ್ರ ಏನೂ ಆಗೂದಿಲ್ಲ. ನಿಖರಕ್ಕ ಕಾಣಬೇಕು. ಸೀಸ ಅದಕ್ಕ ಕಾಣೂದಿಲ್ಲ."

"ಫೋಟೋ ತಗದು ಕಳಸ್ರಿ."

"ಕಳಸೀನಿ ಅಂತ ತಿಳೀರಿ. ಮನುಷ್ಯಾರು ಮಾಡಿದ ಗುರುತು, ಸ್ವೀಕಾರಾರ್ಹ ಅಲ್ಲ ಅಂತ ಬರ್ತದ. ಇದು ಹೊಸಾದೇನಲ್ಲ."

"ನಿಮ್ಮ ಮನಿ ಎಲ್ಲೈತ್ರಿ ಸಾಹೇಬ್ರ?"

"ವಿಜಯಪುರದಾಗ."

"ಎಷ್ಟನೇ ಮಾಳಿಗಿ?"

ನಾಡಿಗೇರ ಓರೆಯಾದ ಪೆನ್ನನ್ನು ತಿದ್ದಿ ಇಟ್ಟ. ಆದರೂ ಅವಳ ಎದುರಿಗೇ ಕೇಂದ್ರ ಕಚೇರಿಗೆ ಫೋನು ಮಾಡಿದ, ಅದನ್ನು ಒಪ್ಪಬೇಕು. ಆ ಕಡೆಯ ದನಿ ಬಹಳ ನಯವಾಗಿ, ತುಂಬ ಚೆಂದದ ಕನ್ನಡದಲ್ಲಿ, ಸೀಸದ ಉಂಡೆಗಳ ಕಾಲ ಮುಗಿದಿದೆಯೆಂದೂ ಬೆಳಿಗ್ಗೆ ಅತಿಥಿಗಳು ಬರುವವರಿದ್ದಾರೆಂದೂ ಹೇಳಿ ಇಟ್ಟುಬಿಟ್ಟಿತು.

ನೀಲಾಂಬಿಕೆ ಗುಂಡನ್ನು ಎತ್ತಿಕೊಳ್ಳಲಿಲ್ಲ. "ಇಲ್ಲೇ ಇರ್ಲಿ. ಮುಂಜಾನೆ ಉಕ್ಕಿನ ಬಳಿ ಇಳಸೂದು ಐತಿ. ಪೂರಾ ಒತ್ತಡ ಬಿಡೂಕಿಂತ ಮೊದಲ ಬಳಿ ಇಳಸಬೇಕು ಅಂತ ನಿಮ್ಮ ನಿಯಮಾನ ಹೇಳ್ತೈತಿ, ಹೌದಲ್ರಿ?"

"ಹೌದು. ಅದು ಬರೇ ಶಾಸ್ತ್ರಕ್ಕ," ಎಂದ ನಾಡಿಗೇರ.

"ಶಾಸ್ತ್ರಾನೇ ಮಾಡೂಣು," ಎಂದು ಹೊರಬಿದ್ದಳು.

ಬಳೆ ಎಂದರೆ ಉಕ್ಕಿನ ಉಂಗುರ. ಭಾರದ ಸರಳುಗಳ ತುದಿಗೆ ತೊಡಿಸಿ ಪೈಪಿನಲ್ಲಿ ಇಳಿಸುತ್ತಾರೆ. ಅದು ತಳ ಮುಟ್ಟಿ ಬಂದರೆ ದಾರಿ ಬಯಲಿದೆ ಎಂದರ್ಥ. ನಿಯಮದ ಪ್ರಕಾರ ಬಳೆ ಪೈಪಿನ ಪೂರಾ ಅಳತೆಗೆ ಕೂದಲೆಳೆಯಷ್ಟೇ ಕಡಿಮೆ ಇರಬೇಕು. ಆದರೆ ಯಾವ ವೈರ್‌ಲೈನಿನವನೂ ಹಾಗೆ ಮಾಡುವುದಿಲ್ಲ. ಸಿಕ್ಕಿಕೊಂಡೀತೆಂಬ ಹೆದರಿಕೆಗೆ ಎಲ್ಲರೂ ಒಂದು ನೂಲು ಸಣ್ಣ ಬಳೆಯನ್ನೇ ತೊಡಿಸುತ್ತಾರೆ. ಎಲ್ಲರಿಗೂ ಗೊತ್ತು, ಯಾರೂ ಮಾತಾಡುವುದಿಲ್ಲ. ನೀಲಾಂಬಿಕೆಯೂ ಜೀವಮಾನವೆಲ್ಲ ಸಣ್ಣ ಬಳೆಯನ್ನೇ ಇಳಿಸಿದವಳು.

ಬೆಳಿಗ್ಗೆ ಮೌಲಾಲಿ ಎಂದಿನ ಬಳೆ ತಂದು ಕೊಟ್ಟ.

"ಅದನ್ನಲ್ಲ. ಪೆಟಗಿಯ ತಳದಾಗ ಎಣ್ಣಿಕಾಗದದಾಗ ಸುತ್ತಿದ್ದು ಐತಲ್ಲ, ಅದನ್ನ ತಾ."

ಮೌಲಾಲಿ ಬೀಡಿ ಬಾಯಿಂದ ತೆಗೆದ. "ಅಕ್ಕಾರ, ಅದು ಪೂರಾ ಅಳತೀದು. ಆ ತುಟಿಗೆ ಸಿಕ್ಕಿ ಕೂಡ್ತದ."

"ಪೈಪು ನಿರ್ದೋಷ ಐತಿ ಅಂತ ನಿಖರಪ್ಪ ಹೇಳ್ಯಾನ. ಎಲ್ಲಿ ಸಿಗತೈತಿ?"

ಮೌಲಾಲಿ ಅವಳ ಮುಖವನ್ನೇ ನೋಡಿದ. ಆಮೇಲೆ ತಂದ.

ಬಾವಿಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಅತಿಥಿಗಳು ಕುರ್ಚಿಯಲ್ಲಿ ಕುಳಿತಿದ್ದರು. ನೀಲಾಂಬಿಕೆ ಕ್ಯಾಬಿನ್ನಿಗೆ ಹತ್ತುವ ಮೊದಲು ನಾಡಿಗೇರನ ಮುಂದೆ ಬಳೆ ಹಿಡಿದಳು. ಅವಳ ದನಿಗೆ ಮೈಕು ಬೇಕಿರಲಿಲ್ಲ, ಎಲ್ಲರಿಗೂ ಕೇಳಿಸಿತು.

"ಸಾಹೇಬ್ರ, ನಿಯಮದಾಗ ಇರೂ ಅಳತೀದೇ ಬಳಿ. ನಿಮ್ಮ ಯಂತ್ರ ಹೇಳಿದಂಗ ಪೈಪು ಇದ್ರ ಇದು ಸರ್ ಅಂತ ಹೋಗಿ ಬರ್ತೈತಿ. ನಾ ಎಲ್ಲಾರ ಮುಂದ ಕೈ ಮುಗದು, ತಪ್ಪಾತು ಅಂದು ಹೊಕ್ಕೀನಿ. ಬರದಿದ್ರ, ಪೈಪಿನ್ಯಾಗ ಏನೈತಿ ಅಂತ ನೀವ ಹೇಳಬೇಕು."

ನಾಡಿಗೇರ ಬೇಡ ಅನ್ನಬಹುದಿತ್ತು. ಆದರೆ ನಿಯಮದ ಬಳೆ ಬೇಡ ಎನ್ನುವುದು ಹೇಗೆ, ಅದೂ ಅತಿಥಿಗಳೆದುರು? ಅವನು ತಲೆಯಾಡಿಸಿದ.

ಕೇಬಲ್ ಇಳಿಯಿತು. ವಿಂಚು ಗುಂಯ್ ಎಂದು ಹಾಡುತ್ತಿತ್ತು. ಕೆಂಪು ಪದರ ಹತ್ತಿರ ಬಂದಾಗ ಮೌಲಾಲಿ ವೇಗ ಇಳಿಸಲು ಕೈ ಹಾಕಿದ. ನೀಲಾಂಬಿಕೆ ಅವನ ಕೈಯನ್ನು ಸರಿಸಿದಳು. ಮೇಲಿನ ಸರಳುಗಳ ಭಾರಕ್ಕೆ ಬಳೆ ಹರಿದ ತುಟಿಯನ್ನು ಒತ್ತಿ ಅರ್ಧ ದಾಟಿ ಕಚ್ಚಿಕೊಂಡಿತು. ಕೇಬಲ್ ಸಡಿಲವಾಯಿತು. ಮೌಲಾಲಿ ಮೇಲಕ್ಕೆ ಎಳೆದ. ಬರಲಿಲ್ಲ.

ನಿಖರ ಬರೆಯಿತು: ಕೇಬಲ್ ಉಜ್ಜಿದೆ. ತಿದ್ದಲಾಗಿದೆ.

ಸ್ಪೀಕರಿನಲ್ಲಿ ಕೇಂದ್ರ ಕಚೇರಿಯ ನಯವಾದ ದನಿ ಕೇಳಿಸಿತು. "ಏಕೆ ನಿಂತಿರಿ?"

"ಬಳಿ ಸಿಕ್ಕೈತ್ರಿ," ಎಂದಳು.

"ಅಲ್ಲಿ ಸಿಕ್ಕಿಕೊಳ್ಳಲು ಏನೂ ಇಲ್ಲ."

"ಇಲ್ಲದ ಕಡೀನೇ ಸಿಕ್ಕೈತಿ."

ದನಿ ಇನ್ನಷ್ಟು ನಯವಾಯಿತು. "ಜಾಡಿಸಿ ಬಿಡಿಸಿಕೊಳ್ಳಿ. ಮೇಲೆ ತೆಗೆಯಿರಿ. ಇದನ್ನು ಇಲ್ಲಿಗೇ ಮರೆಯೋಣ. ನಿಮ್ಮ ಸೇವೆಯ ಮೇಲೆ ನಮಗೆ ಗೌರವವಿದೆ."

ಬಿಡಿಸಬಹುದಿತ್ತು. ಸರಳುಗಳ ನಡುವೆ ಸುತ್ತಿಗೆಯಂತೆ ಬಡಿಯುವ ಕೀಲಿದೆ; ಮೆಲ್ಲಗೆ ಎಳೆದು ಬಿಟ್ಟು, ಎಳೆದು ಬಿಟ್ಟು ಮಾಡಿದರೆ ಮೌಲಾಲಿಯಂಥವನ ಕೈಗೆ ಬಳೆ ಬಂದೇ ಬರುತ್ತಿತ್ತು. ಅದು ಅವಳಿಗೆ ಗೊತ್ತು, ಅವನಿಗೂ ಗೊತ್ತು. ಬಳೆ ಮೇಲೆ ಬಂದರೆ ಮುಳ್ಳಿನ ಎಗರಾಟವೆಲ್ಲ ಕೇಬಲ್ಲಿನ ಉಜ್ಜಾಟವಾಗುತ್ತದೆ, ಮಧ್ಯಾಹ್ನಕ್ಕೆ ಪಂಪು ಶುರು.

ಇನ್ನೊಂದು ದಾರಿಯೂ ಇತ್ತು. ಕೇಬಲ್ಲು ಉಪಕರಣಕ್ಕೆ ಕೂಡುವ ಜಾಗವನ್ನು ಬೇಕೆಂದೇ ಮೆತ್ತಗೆ ಮಾಡಿರುತ್ತಾರೆ. ಉಪಕರಣ ಸಿಕ್ಕಿಬಿದ್ದು ಬರಲೇ ಇಲ್ಲವೆಂದರೆ ಜೋರಾಗಿ ಎಳೆದಾಗ ಅಲ್ಲೇ ಕಳಚಬೇಕು, ನಡುವೆಲ್ಲೋ ಕೇಬಲ್ ತುಂಡಾಗಬಾರದು. ಕಳಚಿದ ಮೇಲೆ ಮುಳ್ಳು ಬೀಳುತ್ತದೆ, ಕೇಬಲ್ ಬರಿಗೈಯಲ್ಲಿ ಬರುತ್ತದೆ. ಭಾರವೇ ಹೋದಮೇಲೆ ಅದಕ್ಕೆ ತೇಪೆ ಹಾಕಲು ನಿಖರನಿಗೂ ಬಟ್ಟೆ ಸಿಗುವುದಿಲ್ಲ. ಬಾವಿಯೊಳಗೆ ಮೀನಿದ್ದರೆ ಪಂಪು ಕೂಡದು. ಮೀನು ಹಿಡಿಯುವ ಮೊದಲು ಸೀಸದ ಅಚ್ಚು ತೆಗೆಯಬೇಕು, ಅದನ್ನು ಜಿಲ್ಲೆಯ ಅಧಿಕಾರಿ ಕಣ್ಣಾರೆ ನೋಡಬೇಕು. ಉಪಕರಣ ಕಳೆಯುವುದು ಅಷ್ಟು ಅಪರೂಪವಾಗಿತ್ತೆಂದರೆ ಈ ಒಂದು ಹಳೆಯ ನಿಯಮವನ್ನು ತಿದ್ದಬೇಕೆಂದು ಯಾರಿಗೂ ನೆನಪಾಗಿರಲಿಲ್ಲ.

ಕ್ಯಾಬಿನ್ನಿನ ಬಾಗಿಲಲ್ಲಿ ನಾಡಿಗೇರ ನಿಂತಿದ್ದ. ಅವನ ಕೈಗೆಟುಕುವಂತೆ ವಿಂಚು ನಿಲ್ಲಿಸುವ ಕೆಂಪು ಗುಂಡಿಯಿತ್ತು. ಅವನು ಅದನ್ನು ನೋಡಿದ, ಪರದೆ ನೋಡಿದ, ಆಮೇಲೆ ಅವಳನ್ನು ನೋಡಿದ.

"ಏನ್ ಮಾಡ್ಲಿಕ್ಹತ್ತೀರಿ ನೀವು?"

"ನಿಮಗ ಗೊತ್ತೈತಿ."

"ಲೈಸೆನ್ಸ್ ಹೋಗ್ತದ. ಮತ್ತೆಲ್ಲೂ ಕೆಲಸ ಸಿಗೂದಿಲ್ಲ."

"ಗುಂಡಿ ಅಲ್ಲೇ ಐತಿ. ಒತ್ತೂದಿದ್ರ ಒತ್ರಿ."

ನಾಡಿಗೇರ ಕೈಗಳನ್ನು ಪ್ಯಾಂಟಿನ ಜೇಬಿಗೆ ತುರುಕಿಕೊಂಡ. "ನಾ ಹೊರಗ ಹೋಗ್ತೀನಿ. ಇಲ್ಲೇ ನಿಂತ್ರ ಒತ್ತಬೇಕಾಗ್ತದ," ಎಂದು ಮೆಟ್ಟಿಲಿಳಿದ.

"ಎಳಿ," ಎಂದಳು ನೀಲಾಂಬಿಕೆ.

ಮೌಲಾಲಿಯ ಕೈ ವಿಂಚಿನ ಸನ್ನೆಕೋಲಿನ ಮೇಲಿತ್ತು, ಅಲುಗಲಿಲ್ಲ. "ಅಕ್ಕಾರ, ಎರಡು ಸಲ ಜಾಡಿಸಿದ್ರ ತಗೀತೀನಿ. ಮೀನು ಬಿಟ್ಟಾಕಿ ಅಂತ ಆಡ್ಕೋತಾರ್ರಿ. ಇಷ್ಟ ವರ್ಷದ ಹೆಸರು ಒಂದ ಎಳತಕ್ಕ ಹೊಕ್ಕೈತಿ."

"ಆಡ್ಕೊಳ್ಳಿ. ಆಡ್ಕೊಳ್ಳಾಕ ಓಣಿ ಮಂದಿ ಉಳೀಬೇಕಲ್ಲೋ."

"ನಿಮ್ಮ ಹೆಸರಷ್ಟ ಅಲ್ರಿ. ನಂದೂ ಹೊಕ್ಕೈತಲ್ಲ."

ಅದನ್ನು ಅವಳು ಯೋಚಿಸಿರಲಿಲ್ಲ. ಅವನ ಭುಜಕ್ಕೆ ಕೈಹಾಕಿ, "ಏಳು. ನೀ ಕೆಳಗಿಳಿ. ವಿಂಚು ನಾ ನಡಸ್ತೀನಿ," ಎಂದಳು.

ಮೌಲಾಲಿ ಏಳಲಿಲ್ಲ. ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. "ನೀವು ನಡಸಿದ್ರ ಲಾರೀನ ಬಾಂವ್ಯಾಗ ಹೊಕ್ಕೈತಿ," ಎಂದು ಸನ್ನೆಕೋಲು ಎಳೆದ.

ಕೇಬಲ್ ಬಿಗಿಯಿತು. ಮುಳ್ಳು ಏರಿತು. ಕೇಬಲ್ ಉಜ್ಜಿದೆ, ತಿದ್ದಲಾಗಿದೆ. ಇನ್ನೂ ಏರಿತು. ತಿದ್ದಲಾಗಿದೆ. ಲಾರಿಯ ಹಿಂಗಾಲಿ ನೆಲದಲ್ಲಿ ಕಚ್ಚಿ ಮೈ ನಡುಗಿತು. ಶಾಮಿಯಾನದ ಕೆಳಗಿದ್ದವರು ಎದ್ದು ನಿಂತರು. ಸ್ಪೀಕರಿನ ದನಿಯ ನಯವೆಲ್ಲ ಉದುರಿ, ನಿಲ್ಲಿಸಿ, ಯಾರಾದರೂ ಆಕೆಯನ್ನು ನಿಲ್ಲಿಸಿ ಎನ್ನುತ್ತಿತ್ತು. ತಿದ್ದಲಾಗಿದೆ, ಎಂದಿತು ಪರದೆ ಕೊನೆಯ ಸಲ.

ಕೇಬಲ್ ಒಮ್ಮೆ ಚಿಮ್ಮಿತು. ಮುಳ್ಳು ಬಿತ್ತು.

ನಿಖರ ಈ ಸಲ ತಿದ್ದಲಿಲ್ಲ. ಮಧ್ಯಾಹ್ನದ ಕೆಲಸಕ್ಕೆ ಬಿಸಿಯಾಗುತ್ತ ಅಂಗಳದಲ್ಲಿ ಸಣ್ಣಗೆ ಗುನುಗುತ್ತಿದ್ದ ಪಂಪುಗಳು ಒಂದೊಂದಾಗಿ ನಿಂತವು. ಆಮೇಲೆ ಪರದೆಯ ಮೇಲೆ ಕೆಂಪಕ್ಷರ ಮೂಡಿತು: ಬಾವಿಯಲ್ಲಿ ಅನ್ಯವಸ್ತು. ಪಂಪು ನಿಷೇಧಿಸಲಾಗಿದೆ. ಕಣ್ಣಾರೆ ಪರಿಶೀಲನೆ ಅಗತ್ಯ.

ಕಾರಣ ಬರೆಯಿರಿ ಎಂದು ಕೇಂದ್ರ ಕಚೇರಿ ನಾಡಿಗೇರನಿಗೆ ಹೇಳಿತು, ಚಾಲಕರ ಅಜಾಗ್ರತೆ ಎಂದು ಬರೆಯಿರಿ ಎಂದೂ ಹೇಳಿತು. ಅದಕ್ಕೆ ಅವನು, "ನಾ ಹೊರಗಿದ್ದೆ, ನನಗ ಗೊತ್ತಿಲ್ಲ," ಎಂದ. ಆ ಮನುಷ್ಯನ ಕೈಲಾದದ್ದು ಅಷ್ಟು, ಅಷ್ಟಾದರೂ ಆಯಿತು.

ನೀಲಾಂಬಿಕೆಯ ಲೈಸೆನ್ಸು ಅವಳು ಕ್ಯಾಬಿನ್ನಿನಿಂದ ಇಳಿಯುವುದರೊಳಗೆ ರದ್ದಾಗಿತ್ತು. ಗೇಟಿನ ಬಾಗಿಲು ಅವಳ ಬೆರಳಚ್ಚಿಗೆ ತೆರೆಯಲಿಲ್ಲ. ಕಾವಲಿನವನು ಕೈಯಿಂದ ತೆರೆದು ಬಿಟ್ಟ. ಮೌಲಾಲಿ ಹಿಂದೆಯೇ ಬಂದ, ಅವನನ್ನು ಯಾರೂ ಹೊರಗೆ ಹಾಕಿರಲಿಲ್ಲವಾದರೂ. ಇಬ್ಬರೂ ದಿಬ್ಬ ಇಳಿದರು. ದಾರಿಯುದ್ದಕ್ಕೂ ಅವನು ಲಾರಿಯ ಬ್ರೇಕಿನ ಬಗ್ಗೆ ಬೈಯುತ್ತಿದ್ದ.

ಓಣಿಯ ಬಾಯಲ್ಲಿ ಸಾತವ್ವ ರೊಟ್ಟಿಯ ಹಿಟ್ಟಿನ ಕೈಯಲ್ಲೇ ನಿಂತಿದ್ದಳು. ಅವಳ ಹಿಂದೆ ಇನ್ನಷ್ಟು ಹೆಂಗಸರು.

"ಪಂಪಿನ ಸಪ್ಪಳ ನಿಂತೈತಿ. ಏನ್ ಮಾಡಿ ಬಂದಿ?"

"ಅದರ ಗಂಟಲಾಗ ಬಳಿ ಸಿಗಿಸಿ ಬಂದೀನಿ."

"ತಗೀತಾರೇನು ಅದನ್ನ?"

"ತಗೀಲಿ. ಆದ್ರ ಯಂತ್ರ ಕೇಳಿ ತಗ್ಯಾಕ ಬರೂದಿಲ್ಲ. ಇಲ್ಲಿಗೇ ಬರಬೇಕು, ಬಗ್ಗಬೇಕು, ತಮ್ಮ ಕಣ್ಣೀಲೆ ನೋಡಬೇಕು."

"ಬರದೇ ಹೋದ್ರ?"

"ಬರದಿದ್ರ ಪಂಪಿಲ್ಲ," ಎಂದಳು ನೀಲಾಂಬಿಕೆ. "ಬಂದ್ರ, ಹರಕ ಪೈಪು ಕಾಣ್ತೈತಿ. ಎರಡರಾಗ ಯಾವುದನ್ನ ಬೇಕಾದ್ರೂ ಆರಿಸ್ಕೊಳ್ಳಿ. ನನಗೇನೂ ಅವಸರಿಲ್ಲ."